ಕಲಿಸುವವರ ಕೈಯಿಂದ ಮೌಸ್ ಬಿಡಿಸಿದ್ದು

ನಾನು ಮಾಡುತ್ತಿದ್ದ ಕೆಲಸ ಏನೆಂಬುದು ನಮ್ಮ ಬಂಧುಬಳಗದಲ್ಲಿ ಯಾರಿಗೂ ಕೊನೆಯವರೆಗೆ ಸರಿಯಾಗಿ ಗೊತ್ತಾಗಲಿಲ್ಲ. ರಾಯಚೂರಿನ ನನ್ನ ನಾದಿನಿ 'ಕಂಪ್ಯೂಟರ್' ಎಂಬ ಒಂದು ಮಾತನ್ನು ಹಿಡಿದುಕೊಂಡು, ಹೈದರಾಬಾದಿಗೆ ಬಂದಾಗಲೆಲ್ಲ ಕೆಟ್ಟುಹೋದ ಏನಾದರೊಂದು ಸಾಮಾನನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಳು. ಒಮ್ಮೆ ಮಿಕ್ಸರ್ ಬಂತು, ಒಮ್ಮೆ ಗೋಡೆ ಗಡಿಯಾರ, ಒಮ್ಮೆ ಅವಳ ಮಾವನವರ ಕಿವಿಯ ಮಷೀನು. ನನ್ನ ಗಂಡ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಟೆಕ್ನೀಷಿಯನ್ ಆಗಿದ್ದವರು. ಬಾಯಿ ಬಿಡದೆ ಹಿಂದಿನ ಕೋಣೆಯಲ್ಲಿ ಕುಳಿತು ಅವನ್ನೆಲ್ಲ ರಿಪೇರಿ ಮಾಡಿಕೊಡುತ್ತಿದ್ದರು. ಹೆಸರು ಮಾತ್ರ ನನಗೆ ಬರುತ್ತಿತ್ತು. "ನಮ್ಮ ವಿಮಲಾ ವೈನಿ ಕೈ ಭಾಳ ಛಲೋ" ಎಂದು ನಾದಿನಿ ಊರೆಲ್ಲ ಹೇಳಿಕೊಂಡು ತಿರುಗಿದಳು.

ನಿಜವಾದ ಕೆಲಸ ಇಷ್ಟು. ನಾಂಪಲ್ಲಿಯ ರೈಲ್ವೆ ಸ್ಟೇಷನ್ನಿಗೆ ಹತ್ತಿರ, ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ನಮ್ಮ ಟ್ರಸ್ಟಿನ ಕಚೇರಿ ಇತ್ತು. ಕೆಲಸ ಹುಡುಕುವವರಿಗೆ, ಸಣ್ಣ ವ್ಯಾಪಾರ ಮಾಡುವವರಿಗೆ ಕಂಪ್ಯೂಟರನ್ನೂ ಫೋನನ್ನೂ ಬಳಸುವುದು ಕಲಿಸುವ ಕೇಂದ್ರಗಳನ್ನು ಟ್ರಸ್ಟ್ ಊರಿನ ಬೇರೆ ಬೇರೆ ಕಡೆ ನಡೆಸುತ್ತಿತ್ತು. ನೌಕರಿಗೆ ಅರ್ಜಿ ಹಾಕುವುದು, ಇ-ಮೇಲ್ ಕಳಿಸುವುದು, ಮನೆಯಲ್ಲಿ ಮಾಡಿದ ಹಪ್ಪಳವನ್ನು ಫೋನಿನಲ್ಲೇ ಮಾರುವುದು, ಇಂಥವು. ಆ ಕೇಂದ್ರಗಳಲ್ಲಿ ಪಾಠ ಮಾಡುವವರನ್ನು ತಯಾರು ಮಾಡುವುದು ನನ್ನ ಕೆಲಸ. 'ತರಬೇತುದಾರರಿಗೆ ತರಬೇತಿ ಕೊಡುವ ತರಬೇತುದಾರಳು' ಎಂದು ಬಸ್‌ಸ್ಟಾಪಿನಲ್ಲಿ ಯಾರಿಗಾದರೂ ಹೇಳಿ ಮುಗಿಸುವಷ್ಟರಲ್ಲಿ ಅವರ ಬಸ್ಸು ಬಂದುಬಿಡುತ್ತಿತ್ತು.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಪಠ್ಯಕ್ರಮ ನನಗಿಂತ ಚೆನ್ನಾಗಿ ಗೊತ್ತಿದೆ. ಅದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದೂ ಬೇಡ, ಅದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಜನ. ಅದರಲ್ಲೂ ಒಂದು ಬ್ಯಾಚು. ಪಾಠ ಹೇಗೆ ಮಾಡಿಸಬೇಕು ಎಂದು ನನಗೆ ಗೊತ್ತಾಗಿದ್ದರೆ ಅದು ಆ ಬ್ಯಾಚಿನಿಂದ. ಆದ್ದರಿಂದ ಅದರ ಕಥೆಯನ್ನೇ ಹೇಳುತ್ತೇನೆ.

ಟ್ರಸ್ಟಿಗೆ ಬರುವ ಮೊದಲು ನಾನು ನಾಂಪಲ್ಲಿಯಲ್ಲೇ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿದ್ದೆ. ಸರ್ಕಾರಿ ಕಚೇರಿ ಸೇರಬೇಕೆನ್ನುವ ಹುಡುಗರೆಲ್ಲ ಅಲ್ಲಿಗೆ ಬರುತ್ತಿದ್ದರು. ಅಲ್ಲಿ ಪಾಠ ಅಂದರೆ ನಾವು ಗಟ್ಟಿಯಾಗಿ ಹೇಳುವುದು, ಅವರು ಟಕಟಕ ಕುಟ್ಟುವುದು. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಕಾಗದ ನೋಡಿದರೆ ತಿಳಿಯುತ್ತಿತ್ತು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಕಂಪ್ಯೂಟರ್ ಕಲಿತು, ಕಲಿಸಿ, ಕಡೆಗೆ ಟ್ರಸ್ಟಿಗೆ ಬಂದೆ. ಕನ್ನಡ, ತೆಲುಗು, ಹಿಂದಿ ಮೂರೂ ಬರುತ್ತವೆ ಎಂಬುದೇ ನನ್ನ ದೊಡ್ಡ ಅರ್ಹತೆ.

ಟ್ರಸ್ಟಿನ ನಿರ್ದೇಶಕರು ಶ್ರೀಕಂಠಯ್ಯನವರು, ಮೈಸೂರಿನವರು. ಬಹಳ ಸಜ್ಜನರು, ಯಾರ ಮೇಲೂ ದನಿ ಎತ್ತಿದವರಲ್ಲ. ಅವರಿಗಿದ್ದ ಚಟ ಒಂದೇ, ಸ್ಲೈಡು. ಯಾವ ವಿಷಯವಾದರೂ ಸರಿ, ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು ಬೀಳದೆ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಅವರ ಸ್ಲೈಡುಗಳಲ್ಲಿ ಅಕ್ಷರಗಳು ಹಾರಿ ಬರುತ್ತಿದ್ದವು, ಬಾಣಗಳು ಸುತ್ತುತ್ತಿದ್ದವು.

ನಾನು ಹೇಳುತ್ತಿರುವ, ಕನ್ನಡ ಬಲ್ಲವರದೇ ಆದ ಬ್ಯಾಚಿನ ಮೊದಲ ದಿನವೇ ಕರೆಂಟ್ ಹೋಯಿತು. ಶ್ರೀಕಂಠಯ್ಯನವರು ಸ್ವಾಗತ ಭಾಷಣದ ನಡುವೆ ಇದ್ದರು. ಕೆಳಗಿನಿಂದ ಯಾರೋ ಬಂದು, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯವರೆಗೆ ಆಸೆ ಬಿಡಿ ಎಂದರು. ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ಇವರು ಬರಿಯ ಗೋಡೆಯ ಮುಂದೆಯೇ ನಿಂತು, "ಈಗ ಎಡಗಡೆಯಿಂದ ಒಂದು ನೀಲಿ ಬಾಣ ಬರುತ್ತೆ ಅಂದ್ಕೊಳ್ಳಿ" ಎಂದರು.

ಬ್ಯಾಚಿನವರೆಲ್ಲ ಗೋಡೆಯ ಎಡಗಡೆಗೆ ನೋಡಿದರು.

"ಬಂತಾ?"

"ಬಂತು ಸಾರ್."

"ಸ್ವಲ್ಪ ತಿರುಗ್ತಾ ಬರಬೇಕು ಅದು."

ಹಿಂದಿನ ಬೆಂಚಿನಿಂದ ಒಂದು ಹೆಣ್ಣು ದನಿ ಕೇಳಿತು. "ಸಾರ್, ಬಾಣದ ಮ್ಯಾಲೆ ಏನು ಬರದೈತ್ರಿ? ನನಗ ಇಲ್ಲಿಂದ ಕಾಣವಲ್ದು."

ಶ್ರೀಕಂಠಯ್ಯನವರಿಗೆ ಸಂತೋಷವಾಯಿತು. "ಸಬಲೀಕರಣ" ಎಂದರು.

"ಹಾಂ, ಈಗ ಕಂಡಿತು" ಎಂದಿತು ದನಿ.

ಆ ದನಿಯೇ ನಾಗವೇಣಿ. ಸೇಡಂ ಕಡೆಯವಳು. ಬಾಲಾನಗರದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಆ ಹೊಲಿಗೆ ಕೇಂದ್ರ ಮುಚ್ಚಿಹೋಯಿತು. ಗಂಡ ಅಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮೇಲೆ ಇದ್ದವನು, ಅವನಿಗೂ ಕೆಲಸ ಕಡಿಮೆಯಾಗಿತ್ತು. ಮಗಳು ನರ್ಸಿಂಗ್ ಓದುತ್ತಿದ್ದಳು. ಈ ತರಬೇತಿ ಮುಗಿಸಿ, ಕೊನೆಯ ಮೌಲ್ಯಮಾಪನದಲ್ಲಿ ಪಾಸಾದರೆ ಬಾಲಾನಗರದ ನಮ್ಮ ಹೊಸ ಕೇಂದ್ರದಲ್ಲಿ ಆಕೆಗೆ ಕಾಯಂ ಕೆಲಸ ಸಿಗುವುದಿತ್ತು. ನನ್ನನ್ನು ಮೊದಲ ದಿನದಿಂದಲೇ 'ಅಕ್ಕಾರ' ಎಂದು ಕರೆದಳು.

ಅದೇ ಬ್ಯಾಚಿನಲ್ಲಿ ನಿಖಿಲ್ ಇದ್ದ. ಮಂಗಳೂರಿನ ಹುಡುಗ. ಊರಿನ ಆಚೆ ಬದಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಶನಿವಾರ ಭಾನುವಾರ ಜನಕ್ಕೆ ಉಪಯೋಗವಾಗುವಂಥದ್ದು ಏನಾದರೂ ಮಾಡಬೇಕೆಂದು ತಾನಾಗಿ ಬಂದವನು. ಕಂಪ್ಯೂಟರಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಕಲಿಸಲು ಮಾತ್ರ ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಏನಾದರೂ ತೋರಿಸು ಎಂದರೆ, ಅವರ ಕೈಯಿಂದ ಮೌಸ್ ಕಸಿದುಕೊಂಡು, "ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇದು ಬಂತಲ್ಲ, ಆಯ್ತು, ಅಷ್ಟೇ" ಎಂದು ಮುಗಿಸಿಬಿಡುತ್ತಿದ್ದ. ಕಲಿಯುವವರು ಆಗಷ್ಟೇ ಕನ್ನಡಕ ಹಾಕಿಕೊಂಡಿರುತ್ತಿದ್ದರು.

"ನಿಖಿಲ್, ಮೌಸ್ ಅವರ ಕೈಯಾಗ ಇರಲಿ" ಎಂದು ನಾನು ಹೇಳುತ್ತಿದ್ದೆ.

"ಹೌದು ಮೇಡಂ, ಇರಲಿ" ಎನ್ನುತ್ತಿದ್ದ. ಹೇಳುವಾಗಲೂ ಮೌಸ್ ಅವನ ಕೈಯಲ್ಲೇ ಇರುತ್ತಿತ್ತು. ಅದು ಅವನಿಗೇ ತಿಳಿಯುತ್ತಿರಲಿಲ್ಲ.

ಇದು ಅವನೊಬ್ಬನ ರೋಗವಲ್ಲ. ಈ ಕೆಲಸಕ್ಕೆ ಬರುವ ಬಹುಪಾಲು ಮಂದಿಗೆ ಇರುತ್ತದೆ. ಇದನ್ನು ಓದುತ್ತಿರುವ ನಿಮಗೂ ಇರಬಹುದು. ಎದುರಿನವರು ತಡಕಾಡುವುದನ್ನು ನೋಡುತ್ತ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಗೊತ್ತಾಗಬೇಕಾದರೆ ಅಲ್ಲಿ ನಿಂತೇ ನೋಡಬೇಕು. ಬೆರಳು ತುರಿಸುತ್ತದೆ.

ಹೇಳಿ ಹೇಳಿ ಸಾಕಾದ ಮೇಲೆ ಒಂದು ಶನಿವಾರ ನಾನು ಒಬ್ಬ ಹುಡುಗಿಯಿಂದ ಹೆಗಲ ಮೇಲಿನ ಚುನ್ನಿ ಇಸಿದುಕೊಂಡು ನಿಖಿಲನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. ಅವನು ನಗುತ್ತಲೇ ಕಟ್ಟಿಸಿಕೊಂಡ. ನಾಗವೇಣಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ಈಗ ಇವರಿಗೆ ಇ-ಮೇಲಿಗೆ ಫೋಟೋ ಸೇರಿಸೂದು ಕಲಿಸು" ಎಂದೆ.

ಮೊದಲು ಅವನ ಹೆಗಲು ಕುಣಿಯಿತು. ಆಮೇಲೆ ಗದ್ದದಿಂದ ತೋರಿಸಲು ನೋಡಿದ. "ಅದು, ಅಲ್ಲಿ, ಆ ಕ್ಲಿಪ್ಪಿನ ಹಾಗಿರುವುದು."

"ಯಾವ ಕ್ಲಿಪ್ಪು? ತೆಲಿಗೆ ಹಾಕ್ಕೋತಾರಲ್ಲ, ಅದಾ?" ಎಂದಳು ನಾಗವೇಣಿ.

"ಅಲ್ಲ, ಕಾಗದಕ್ಕೆ ಹಾಕ್ತಾರಲ್ಲ. ಕೆಳಗೆ. ಇನ್ನೂ ಕೆಳಗೆ. ಅಯ್ಯೋ, ಅಷ್ಟು ಕೆಳಗೆ ಅಲ್ಲ." ಹೇಳುತ್ತ ಹೇಳುತ್ತ ಅವನು ಬಾಗಿದ. ಬಾಗಿ ಬಾಗಿ ಕಡೆಗೆ ಅವನ ಮೂಗು ಸ್ಕ್ರೀನಿಗೆ ತಾಗಿತು.

ಆಗ ಬಾಗಿಲು ತೆರೆಯಿತು. ಶ್ರೀಕಂಠಯ್ಯನವರು, ಅವರ ಹಿಂದೆ ನಮಗೆ ನೆರವು ಕೊಡುವ ಸಂಸ್ಥೆಯ ಪರವಾಗಿ ದಿಲ್ಲಿಯಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು, ಅವರ ಹಿಂದೆ ಹೂಗುಚ್ಛ ಹಿಡಿದ ನಮ್ಮ ಅಕೌಂಟೆಂಟು. ದಿಲ್ಲಿಯವರು ಸೋಮವಾರ ಬರುವವರಿದ್ದರು. ಕೈ ಕಟ್ಟಿಸಿಕೊಂಡು ಕಂಪ್ಯೂಟರಿಗೆ ಮೂಗು ತಾಗಿಸಿ ನಿಂತಿದ್ದ ನಿಖಿಲನನ್ನು ಎಲ್ಲರೂ ನೋಡಿದರು.

"ಇದು..." ಎಂದರು ಶ್ರೀಕಂಠಯ್ಯನವರು. "ಇದು ನಮ್ಮ..." ಮುಂದೆ ಮಾತು ಹೊರಡಲಿಲ್ಲ. ಕಣ್ಣು ಪ್ರೊಜೆಕ್ಟರನ್ನು ಹುಡುಕುತ್ತಿತ್ತು.

ದಿಲ್ಲಿಯ ಹೆಂಗಸು ಹಿಂದಿಯಲ್ಲಿ, ಈ ಹುಡುಗ ಏನು ತಪ್ಪು ಮಾಡಿದ್ದಾನೆ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಾಗವೇಣಿ ತನ್ನ ದಖನಿ ಹಿಂದಿಯಲ್ಲಿ ಉತ್ತರ ಕೊಟ್ಟಳು. "ಮೌಸ್ ಛೀನ್ ಲೇತಾ ಮೇಡಂ. ರೋಜ್ ಕಾ ಹೈ." ಮೌಸ್ ಕಸಿಯುತ್ತಾನೆ, ದಿನದ ಗೋಳು ಎಂದು.

ನಾನು ವಿಷಯ ವಿವರಿಸಿದೆ. ಆಕೆ ಮುಖದಲ್ಲಿ ಏನೂ ತೋರಿಸದೆ ಕೇಳಿಸಿಕೊಂಡು, ಶ್ರೀಕಂಠಯ್ಯನವರ ಕಡೆ ತಿರುಗಿ, "ನೀವೊಮ್ಮೆ ಮಾಡಿ ತೋರಿಸಿ" ಎಂದರು. ಅವರನ್ನು ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅವರೇ ಪಾಪ ಕೈಗಳನ್ನು ಹಿಂದೆ ಹಿಡಿದುಕೊಂಡು ನಾಗವೇಣಿಯ ಪಕ್ಕ ನಿಂತರು. "ನೋಡಮ್ಮಾ, ಪರದೆಯ ಬಲಗಡೆ ಕೆಳಗೆ..." ಎಂದವರು ಎರಡನೇ ವಾಕ್ಯಕ್ಕೆ ಬಲಗೈ ಚಾಚಿ ಮೌಸ್ ಹಿಡಿದುಬಿಟ್ಟಿದ್ದರು. ನಾಗವೇಣಿ ಅವರ ಕೈಯನ್ನೇ ನೋಡುತ್ತ, "ಸಾರ್, ಚುನ್ನಿ ತರಲಿ?" ಎಂದಳು.

ದಿಲ್ಲಿಯ ಹೆಂಗಸು ನಕ್ಕರು. ನಗು ತಡೆಯಲಾಗದೆ ಕುರ್ಚಿಯ ಮೇಲೆ ಕುಳಿತರು. ಆ ವರ್ಷ ನೆರವು ನಿಲ್ಲಲಿಲ್ಲ.

ಮುಂದಿನ ವಾರವೇ ಶ್ರೀಕಂಠಯ್ಯನವರು ಹೊಸದೊಂದು ಸ್ಲೈಡ್ ಮಾಡಿದರು. 'ಹಸ್ತಮುಕ್ತ ಬೋಧನಾ ವಿಧಾನ' ಎಂದು ತಲೆಬರಹ. ಅಲ್ಲಿಂದ ಮುಂದೆ ನಮ್ಮ ಎಲ್ಲ ಕೇಂದ್ರಗಳಲ್ಲೂ ಪಾಠ ಹೇಳುವವರು ಕೈ ಹಿಂದೆ ಕಟ್ಟಿಕೊಂಡೇ ನಿಲ್ಲಬೇಕೆಂದು ನಿಯಮವಾಯಿತು. ನಿಖಿಲ್ ಮೂರು ಭಾನುವಾರ ಒದ್ದಾಡಿ, ಕಡೆಗೆ 'ಇಲ್ಲಿ' 'ಅಲ್ಲಿ' ಬಿಟ್ಟು ಮಾತಿನಲ್ಲಿ ದಾರಿ ಹೇಳುವುದನ್ನು ಕಲಿತ. "ನನ್ನ ಅಮ್ಮನಿಗೆ ಫೋನಿನಲ್ಲಿ ಬಸ್ ಟಿಕೆಟ್ ಬುಕ್ ಮಾಡಲಿಕ್ಕೆ ಹೇಳಿಕೊಟ್ಟೆ ಮೇಡಂ. ಮೊದಲ ಸಲ ಅವರು ಅಳದೆ ಮಾಡಿದ್ರು" ಎಂದು ಒಂದು ದಿನ ಬಂದು ಹೇಳಿದ.

ನಾಗವೇಣಿಯ ತೊಂದರೆ ಬೇರೆ. ಆಕೆ ಮೌಸ್ ಕಸಿಯುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತಿದ್ದಳು. ಹೊಲಿಗೆಯಲ್ಲಿ ಸೂಜಿಗೆ ದಾರ ಪೋಣಿಸುವ ಹುಡುಗಿಯರನ್ನು ಕಾದು ಕಾದು ಬಂದ ತಾಳ್ಮೆ ಅದು. ಆದರೆ 'ಗೊತ್ತಿಲ್ಲ' ಎಂಬ ಮಾತು ಆಕೆಯ ಬಾಯಿಂದ ಹೊರಡುತ್ತಿರಲಿಲ್ಲ. ಯಾರು ಏನು ಕೇಳಿದರೂ ಉತ್ತರ ಸಿದ್ಧ. ಗೊತ್ತಿದ್ದರೆ ಗೊತ್ತಿದ್ದದ್ದು, ಇಲ್ಲದಿದ್ದರೆ ಆ ಕ್ಷಣಕ್ಕೆ ಹುಟ್ಟಿದ್ದು.

ಅಭ್ಯಾಸದ ಪಾಠದಲ್ಲಿ ಒಬ್ಬಳು, "ಫೋಟೋ ಎಲ್ಲಾ ಕ್ಲೌಡಿನಾಗ ಇರ್ತಾವ ಅಂತಾರ, ಹಂಗಂದ್ರೇನ್ರಿ?" ಎಂದು ಕೇಳಿದಳು.

"ಕ್ಲೌಡ್ ಅಂದ್ರ ಮೋಡ. ನಮ್ಮ ಫೋಟೋ ಎಲ್ಲಾ ಮ್ಯಾಲೆ ಹೋಗಿ ಇರ್ತಾವ" ಎಂದಳು ನಾಗವೇಣಿ, ತಡವರಿಸದೆ.

"ಮತ್ತ ಮಳಿಗಾಲದಾಗ?"

"ಮಳಿಗಾಲದಾಗ ಸ್ವಲ್ಪ ನಿಧಾನ ಆಕ್ಕೈತಿ."

ಆ ವಾರ ಹೈದರಾಬಾದಿನಲ್ಲಿ ಜೋರು ಮಳೆ. ನೆಟ್ ನಿಜವಾಗಿಯೂ ನಿಧಾನವಾಯಿತು. ಆಮೇಲೆ ಆ ಬ್ಯಾಚಿನ ಅರ್ಧ ಮಂದಿಯ ತಲೆಯಿಂದ ಆ ಮೋಡವನ್ನು ಇಳಿಸುವುದು ನನ್ನಿಂದಾಗಲಿಲ್ಲ.

ನಾನು ಆಕೆಯನ್ನು ಪಕ್ಕಕ್ಕೆ ಕರೆದು, "ನಾಗವೇಣಿ, ಗೊತ್ತಿಲ್ಲದಿದ್ರ ಗೊತ್ತಿಲ್ಲ ಅನ್ರಿ. ನೋಡಿ ಹೇಳ್ತೀನಿ ಅನ್ರಿ" ಎಂದೆ.

"ಅಕ್ಕಾರ, ಟೀಚರ್ ಆದಾಕಿ ಗೊತ್ತಿಲ್ಲ ಅಂದ್ರ ಆಕಿ ಮುಂದ ಯಾರು ಕುಂದರ್ತಾರ? ಹೊಲಿಗಿ ಕಲಿಸುವಾಗ ನಾನು ಒಮ್ಮಿನೂ ಅಂದಿಲ್ಲ."

"ತಪ್ಪು ಕತ್ತರಿಸಿದ್ರ ಏನು ಮಾಡ್ತಿದ್ರಿ?"

"ಅದಕ್ಕ ಹೊಸಾ ಫ್ಯಾಶನ್ ಅಂತ ಹೆಸರಿಡ್ತಿದ್ದೆ."

ನಾನು ಸೋಲಲಿಲ್ಲ. ಇಡೀ ಬ್ಯಾಚನ್ನು ಎದುರಿಗೆ ಕೂರಿಸಿ, ದಿನಕ್ಕೊಮ್ಮೆ ಆಕೆ ನಿಂತು 'ನನಗೆ ಗೊತ್ತಿಲ್ಲ' ಎಂದು ಹೇಳುವ ಅಭ್ಯಾಸ ಇಟ್ಟೆ. ಆಕೆ ನಿಲ್ಲುತ್ತಿದ್ದಳು, ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಕೆಮ್ಮುತ್ತಿದ್ದಳು. ಕಡೆಗೊಂದು ದಿನ ತಲೆಯೆತ್ತಿ, ತೆಲುಗಿನಲ್ಲಿ, "ನಾಕು ತೆಲೀದು" ಎಂದಳು. ಅದೂ ಎಂಥ ಗತ್ತಿನಲ್ಲಿ ಎಂದರೆ, ಆಕೆಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಯಾರಿಗೂ ಗೊತ್ತಿರುವ ಅವಶ್ಯಕತೆಯಿಲ್ಲ ಎಂಬಂತೆ. ಇಡೀ ಬ್ಯಾಚು ಚಪ್ಪಾಳೆ ತಟ್ಟಿತು.

"ಈಗ ಕನ್ನಡದಾಗ" ಎಂದೆ.

"ಕನ್ನಡದಾಗ ನಾಚಿಕಿ ಬರ್ತೈತ್ರಿ ಅಕ್ಕಾರ" ಎಂದು ಕುಳಿತುಬಿಟ್ಟಳು.

ತರಬೇತಿಯ ಕೊನೆಯ ಭಾಗ ನಿಜವಾದ ಪಾಠ. ಒಬ್ಬೊಬ್ಬರಿಗೂ ಒಂದೊಂದು ಬಸ್ತಿಯಲ್ಲಿ, ಅಂದರೆ ಕೂಲಿಯವರ ಓಣಿಯಲ್ಲಿ, ಕಲಿಯುವವರ ಒಂದು ತಂಡವನ್ನು ಒಪ್ಪಿಸುತ್ತಿದ್ದೆವು. ಕೊನೆಗೆ ಹೊರಗಿನಿಂದ ಒಬ್ಬ ಮೌಲ್ಯಮಾಪಕರು ಬಂದು ನೋಡುತ್ತಿದ್ದರು. ಕಲಿಸಿದವರನ್ನಲ್ಲ, ಕಲಿತವರನ್ನು ಪರೀಕ್ಷಿಸುತ್ತಿದ್ದರು. ಕಲಿತವರು ತಾವಾಗಿಯೇ ಮಾಡಿ ತೋರಿಸಿದರೆ ಕಲಿಸಿದವರು ಪಾಸು.

ನಾಗವೇಣಿಗೆ ಬಾಲಾನಗರದಲ್ಲೇ ಹೆಂಗಸರ ತಂಡ ಸಿಕ್ಕಿತು. ಸಹಾಯಕ್ಕೆ ನಿಖಿಲ್. ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆಯವರು. ಅವರಲ್ಲಿ ಅಂಬಿಕಾ ಎಂಬ ಸೊಸೆ ಬಹಳ ಚುರುಕು. ಅವಳ ಅತ್ತೆ ಗುರಮ್ಮ ಮಾಡುವ ಶೇಂಗಾ ಚಟ್ನಿಪುಡಿಗೆ ಆ ಓಣಿಯಲ್ಲಿ ಒಳ್ಳೆಯ ಹೆಸರಿತ್ತು. ಅದನ್ನು ಫೋನಿನಲ್ಲಿ ಮಾರಬೇಕು, ಬಿಸಿಲಲ್ಲಿ ಇಟ್ಟಿಗೆ ಹೊರುವುದನ್ನು ಬಿಡಬೇಕು ಎಂಬುದು ಅಂಬಿಕಾಳ ಆಸೆ. ಅತ್ತೆಗೆ ಈ ಕ್ಲಾಸು ಇಷ್ಟವಿರಲಿಲ್ಲ. ಫೋನು ಹಿಡಿದು ಕೂತರೆ ಮನೆ ಕೆಲಸ ಯಾರು ಮಾಡುವವರು ಎಂಬುದು ಅವರ ವಾದ.

ಚಟ್ನಿಯ ಫೋಟೋ ತೆಗೆದು, ಕೆಳಗೆ ವಿವರ ಬರೆದು, ಗ್ರೂಪಿಗೆ ಹಾಕುವ ಪಾಠದ ದಿನ. ಅಂಬಿಕಾ ವಿವರವನ್ನು ಚೆನ್ನಾಗಿ ಬರೆದಳು. ಗ್ಯಾಲರಿಯಲ್ಲಿ ಚಟ್ನಿಯ ಡಬ್ಬಿಯ ಪಕ್ಕದಲ್ಲೇ ಅತ್ತೆಯ ಫೋಟೋ ಇತ್ತು. ಬೆರಳು ಅದಕ್ಕೆ ತಾಗಿತು. ಅವಳು ಗಮನಿಸದೆ, "ಟೀಚರ್, ಇದನ್ನ ಒತ್ತಿದ್ರ ಎಲ್ಲಾರಿಗೂ ಕಾಣ್ತೈತೋ, ನಮ್ಮ ಕ್ಲಾಸಿನವರಿಗಷ್ಟ ಕಾಣ್ತೈತೋ?" ಎಂದು ಕೇಳಿದಳು.

ನಾಗವೇಣಿಗೆ ಅದು ಗೊತ್ತಿರಲಿಲ್ಲ. "ನಮಗಷ್ಟ ಕಾಣ್ತೈತಿ, ಒತ್ತು" ಎಂದಳು.

ಅದು ಹೋಗಿ ಬಿದ್ದದ್ದು ಇಡೀ ಕಾಲೊನಿಯ ಗ್ರೂಪಿಗೆ. ಗುರಮ್ಮನ ಮುಖ, ಕೆಳಗೆ ಹೀಗೆ ಬರಹ: 'ಮನಿಯಾಗ ಮಾಡಿದ್ದು. ಭಾಳ ಖಾರ. ಆರು ತಿಂಗಳಾದ್ರೂ ಕೆಡೂದಿಲ್ಲ. ಬೇಕಾದವರು ಒಯ್ಯಬಹುದು.'

ಐದು ನಿಮಿಷದಲ್ಲಿ ಉತ್ತರಗಳು ಬಂದವು. ಒಬ್ಬರು, 'ಖಾರ ಅನ್ನೂದು ನಮಗೂ ಗೊತ್ತು.' ಇನ್ನೊಬ್ಬರು, 'ವಾಪಸ್ ತಗೋತೀರೇನ್ರಿ?' ಮತ್ತೊಬ್ಬರು, 'ನಮ್ಮನಿಯಾಗೂ ಒಂದು ಐತಿ, ಬ್ಯಾಡ.' ಗುರಮ್ಮನಿಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಮನೆಯವಳು ಬಂದು, ಒಂದೂ ಬಿಡದೆ, ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದಳು.

ಮರುದಿನ ಅಂಬಿಕಾ ಕ್ಲಾಸಿಗೆ ಬರಲಿಲ್ಲ. ಅದರ ಮರುದಿನ ಇನ್ನೂ ಹಲವರು ಬರಲಿಲ್ಲ. ತಮ್ಮ ಸೊಸೆಯರ ಫೋನಿನಲ್ಲಿ ತಮ್ಮ ಫೋಟೋ ಎಷ್ಟಿವೆ ಎಂದು ಓಣಿಯ ಅತ್ತೆಯರೆಲ್ಲ ವಿಚಾರಿಸತೊಡಗಿದ್ದರು. ಮೌಲ್ಯಮಾಪಕರು ಬರುವುದು ಮುಂದಿನ ವಾರ. ಖಾಲಿ ಕುರ್ಚಿಗಳನ್ನು ಪರೀಕ್ಷಿಸಿ ಯಾರನ್ನು ಪಾಸು ಮಾಡುತ್ತಾರೆ? ನಾಗವೇಣಿ ನಾಂಪಲ್ಲಿಗೆ ಬಂದು ನನ್ನ ಮೇಜಿನ ಮುಂದೆ ಕುಳಿತಳು. ಆಕೆ ಮಾತಾಡದೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಡ್ರಿ, ಹೋಗಿ ಬರೂನು" ಎಂದೆ. ನಿಖಿಲನೂ ರಜೆ ಹಾಕಿ ಬಂದ.

ಗುರಮ್ಮನ ಮನೆ ವರ್ಕ್‌ಶಾಪುಗಳ ಸಾಲಿನ ಹಿಂದೆ ತಗಡಿನ ಚಾವಣಿಯ ಎರಡು ಕೋಣೆ. ಒಳಗಿನಿಂದ ಹುರಿದ ಶೇಂಗಾದ ವಾಸನೆ ಬರುತ್ತಿತ್ತು. ಗುರಮ್ಮ ಹೊಸಿಲಿಗೆ ಅಡ್ಡ ಕುಳಿತಿದ್ದರು. ಅಂಬಿಕಾ ಒಳಗೆ ನಿಂತು ನೆಲ ನೋಡುತ್ತಿದ್ದಳು. ನಮಗೆ ಕುಳಿತುಕೊಳ್ಳಿ ಎನ್ನಲಿಲ್ಲ.

ಮೊದಲು ನಿಖಿಲ್ ಮಾತಾಡಿದ. ಗ್ಯಾಲರಿಯಲ್ಲಿ ಫೋಟೋಗಳು ಎಷ್ಟು ಸಣ್ಣದಾಗಿ ಕಾಣುತ್ತವೆ, ಬೆರಳು ಎಷ್ಟು ದಪ್ಪ, ಅದರಿಂದ ಹೇಗೆ ಹೀಗಾಗುತ್ತದೆ ಎಂದು ಬಹಳ ಚೆನ್ನಾಗಿ, ಕೈ ಹಿಂದೆ ಕಟ್ಟಿಕೊಂಡು ವಿವರಿಸಿದ. ಗುರಮ್ಮ ಕೇಳಿಸಿಕೊಂಡು, "ಈ ಹುಡುಗ ಯಾಕ ಕಳ್ಳನಂಗ ನಿಂತಾನ?" ಎಂದು ನನ್ನನ್ನು ಕೇಳಿದರು.

ಆಮೇಲೆ ನಾಗವೇಣಿ ಮುಂದೆ ಬಂದಳು. ಸೆರಗು ಸರಿಮಾಡಿಕೊಂಡಳು. ಈಗ ಯಾವ ಕಥೆ ಕಟ್ಟುತ್ತಾಳೋ ಎಂದು ನನಗೆ ಭಯ.

"ಯಮ್ಮಾ, ನಿಮ್ಮ ಸೊಸಿದು ತಪ್ಪಿಲ್ರಿ. ಒತ್ತೋಕಿಂತ ಮೊದಲ ಆಕಿ ನನ್ನ ಕೇಳಿದ್ಲು. ನನಗ ಗೊತ್ತಿದ್ದಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಆತು. ಒತ್ತು ಅಂದೆ."

ಕನ್ನಡದಲ್ಲೇ ಹೇಳಿದಳು. ಕೆಮ್ಮಲಿಲ್ಲ. ಹೇಳಿ ಮುಗಿಸಿದಾಗ ಆಕೆಯ ಕಣ್ಣು ತುಂಬಿತ್ತು.

ಗುರಮ್ಮ ಆಕೆಯ ಕಡೆ ತಿರುಗಿದರು. "ಗೊತ್ತಿಲ್ಲದ್ದಕ್ಕ ಯಾಕ ಅಳ್ತಿ? ನನಗ ಯಾವುದು ಗೊತ್ತೈತಿ ಅದರಾಗ?" ಎಂದರು. ಆಮೇಲೆ ಹೊಸಿಲಿನಿಂದ ಸರಿದು ಕುಳಿತರು. ಅದು ಒಳಗೆ ಬನ್ನಿ ಎಂದ ಹಾಗೆ.

"ಆ ಫೋಟೋ ಅಳಿಸಿ ಹಾಕೂನ್ರಿ" ಎಂದೆ ನಾನು.

"ಅಳಿಸಿ ಏನು ಮಾಡೂದೈತಿ? ಮಂದಿ ನೋಡೇ ಬಿಟ್ಟಾರ. ನನ್ನ ಸಿಟ್ಟು ಬ್ಯಾರೆ. ಅದು ನನ್ನ ಹಲ್ಲು ನೋವಿತ್ತಲ್ಲ, ದವಾಖಾನಿಗೆ ಹೋದಾಗ ತೆಗದಿದ್ದು. ಗಲ್ಲ ಬಾತೈತಿ. ಮೂಗುಬಟ್ಟಿಲ್ಲ. ಸೀರಿ ನೋಡ್ರಿ, ಮಾಸಿದ್ದು. ಹಾಕೂದ ಹಾಕಿದ್ರ ಒಂದು ಛಲೋ ಫೋಟೋ ಹಾಕಬಾರದಾಗಿತ್ತಾ?"

ಹೇಳುತ್ತಲೇ ಗುರಮ್ಮ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟುಕೊಂಡು ಬಂದರು. ಒಂದು ಕೈಯಲ್ಲಿ ಚಟ್ನಿಯ ಡಬ್ಬಿ. "ತೆಗೀರಿ" ಎಂದರು. ಅಂಬಿಕಾ ಫೋಟೋ ತೆಗೆದಳು. ಗುರಮ್ಮ ನೋಡಿದರು, ಬೇಡ ಎಂದರು. ಮತ್ತೆ ತೆಗೆದಳು, ಕಣ್ಣು ಮುಚ್ಚಿದೆ ಎಂದರು. ಹೀಗೆ ಎಷ್ಟೋ ಫೋಟೋಗಳಾದ ಮೇಲೆ ಅವರಿಗೆ ಸೊಸೆಯ ಮೇಲೆ ನಂಬಿಕೆ ಹೋಯಿತು. "ಇಲ್ಲಿ ಕೊಡು. ಈ ಮಷೀನು ನಾನ ಕಲೀತೀನಿ. ಇಲ್ಲಂದ್ರ ನೀವು ನಾಳೆ ಇನ್ನೇನು ಹಾಕ್ತೀರೋ" ಎಂದರು.

ಮರುದಿನ ಅಂಬಿಕಾ ಕ್ಲಾಸಿಗೆ ಬಂದಳು. ಅವಳ ಹಿಂದೆ ಗುರಮ್ಮ. ಅವರ ಹಿಂದೆ, ಗುರಮ್ಮನೇ ಹೋದ ಮೇಲೆ ಏನು ಎಂದು ಓಣಿಯ ಉಳಿದ ಅತ್ತೆ ಸೊಸೆಯರು. ಕುರ್ಚಿಗಳು ಸಾಲದೆ ಚಾಪೆ ಹಾಸಿದೆವು. ಗುರಮ್ಮನಿಗೆ ಅಕ್ಷರ ಬಾರದು ಎಂಬುದಕ್ಕೆ ನಿಖಿಲ್ ದಾರಿ ಹುಡುಕಿದ. ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುವುದನ್ನು ತೋರಿಸಿದ. ಗುರಮ್ಮ ಫೋನಿಗೆ ಅರ್ಧ ಗಂಟೆ ತಮ್ಮ ಊರಿನ ಸುದ್ದಿಯನ್ನೆಲ್ಲ ಹೇಳಿದರು. ಅದು ಯಾದಗಿರಿ ಕಡೆಯ ಮಾತನ್ನು ತನಗೆ ತಿಳಿದಂತೆ ಬರೆದುಕೊಂಡಿತು. ಅಂಬಿಕಾ ಅದನ್ನು ಓದಿ ಓದಿ ನಕ್ಕಳು. ನಾಗವೇಣಿ ಮಾತ್ರ ಪಕ್ಕದಲ್ಲಿ ಕುಳಿತು, ಎಲ್ಲಿ ತಪ್ಪಾಯಿತು ಎಂದು ಅವರಿಂದಲೇ ಹುಡುಕಿಸುತ್ತಿದ್ದಳು.

ಮೌಲ್ಯಮಾಪಕರು ಬಂದರು. ನಾರಾಯಣಪೇಟೆ ಕಡೆಯ ವ್ಯಕ್ತಿ. ಕನ್ನಡ ಚೆನ್ನಾಗಿ ಬರುತ್ತಿತ್ತಂತೆ, ಆದರೆ ಕೆಲಸದ ಮೇಲಿದ್ದಾಗ ತೆಲುಗು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನಗುತ್ತಲೂ ಇರಲಿಲ್ಲ. ಯಾರ ಮನೆಯ ಚಹಾವನ್ನೂ ಮುಟ್ಟುವುದಿಲ್ಲ ಎಂದು ಬರುತ್ತಿದ್ದಂತೆ ಹೇಳಿಬಿಟ್ಟರು. ನಾನು, ನಾಗವೇಣಿ, ನಿಖಿಲ್ ಗೋಡೆಗೆ ಅಂಟಿಕೊಂಡು ನಿಲ್ಲಬೇಕು, ಬಾಯಿ ಬಿಡಬಾರದು.

ಅಂಬಿಕಾ ಚೆನ್ನಾಗಿಯೇ ಮಾಡಿದಳು. ಉಳಿದವರು ಹೆದರಿದರು. ಒಬ್ಬಳು ಫೋನನ್ನು ತಲೆಕೆಳಗಾಗಿ ಹಿಡಿದಳು. ಒಬ್ಬಳು ಪಾಸ್‌ವರ್ಡನ್ನು ಎದ್ದು ನಿಂತು ಗಟ್ಟಿಯಾಗಿ ಹೇಳಿದಳು. ಮೌಲ್ಯಮಾಪಕರ ಮುಖ ಬಿಗಿಯುತ್ತ ಹೋಯಿತು. ನಾಗವೇಣಿ ನನ್ನ ಕೈ ಹಿಡಿದುಕೊಂಡಳು.

ಆ ಹೊತ್ತಿಗೆ ಮೂಲೆಯಲ್ಲಿದ್ದ ಗುರಮ್ಮ ಫೋನ್ ಎತ್ತಿ ಮೌಲ್ಯಮಾಪಕರ ಒಂದು ಫೋಟೋ ತೆಗೆದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಏನೋ ಹೇಳಿದರು. ಒಂದು ಕಡೆ ಒತ್ತಿದರು. ಸೆರಗಿನಲ್ಲಿ ಫೋನ್ ಒರೆಸಿ ಮಡಿಲಲ್ಲಿಟ್ಟುಕೊಂಡರು. ಯಾರೂ ಅವರಿಗೆ ಮಾಡು ಎಂದು ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಚಹಾದ ಥರ್ಮಾಸ್ ಹಿಡಿದು ನಿಂತಳು. ಅವಳ ಹಿಂದೆ ಇನ್ನೊಬ್ಬಳು, 'ಸಕ್ಕರಿ ಇಲ್ಲದ್ದೂ ತಂದೀನ್ರಿ' ಎನ್ನುತ್ತ. ಎದುರಿನ ವರ್ಕ್‌ಶಾಪಿನಿಂದ ಎಣ್ಣೆ ಕೈಯ ಒಬ್ಬಾತ ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ ತಂದ. ಇನ್ನೂ ಬರುತ್ತಲೇ ಇದ್ದರು.

"ಏಮಿಟಿದಿ?" ಎಂದರು ಮೌಲ್ಯಮಾಪಕರು, ಏನಿದು ಎಂದು.

ಥರ್ಮಾಸಿನವಳು ತನ್ನ ಫೋನ್ ತೋರಿಸಿದಳು. ಅವರದೇ ಫೋಟೋ, ನೇರವಾಗಿ, ಸ್ಪಷ್ಟವಾಗಿ. ಕೆಳಗೆ: 'ಇವರು ಪರೀಕ್ಷೆ ಮಾಡಲು ಬಂದಿದ್ದಾರೆ. ಬೆಳಗಿನಿಂದ ಚಹ ಕುಡಿದಿಲ್ಲ. ಮುಖ ನೋಡಿ.'

ಅವರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಒಂದು ಕಪ್ಪು ತೆಗೆದುಕೊಂಡರು. ಗುಟುಕರಿಸಿ, ಗುರಮ್ಮನ ಕಡೆ ತಿರುಗಿ, ಅಚ್ಚ ಕನ್ನಡದಲ್ಲಿ ಕೇಳಿದರು, "ಇದನ್ನ ನಿಮಗ ಯಾರು ಕಲಿಸಿದ್ರಮ್ಮಾ?"

"ಯಾರೂ ಕಲಿಸಿಲ್ರಿ. ನಾನ ಕಲತೀನಿ" ಎಂದರು ಗುರಮ್ಮ.

ನನ್ನ ಕೈ ಹಿಡಿದಿದ್ದ ನಾಗವೇಣಿಯ ಕೈ ಸಡಿಲವಾಯಿತು. ಬಾಯಿ ಬಿಡಬಾರದೆಂಬ ನಿಯಮ. ನಿಖಿಲ್ ಚಾವಣಿ ನೋಡುತ್ತಿದ್ದ.

ಮೌಲ್ಯಮಾಪಕರು ನಾಗವೇಣಿಯ ಕಡೆ ಬೆರಳು ಮಾಡಿ, "ಹಂಗಾದ್ರ ಇವರು ಇಲ್ಲಿ ಏನು ಮಾಡ್ತಾರ?" ಎಂದರು.

ಗುರಮ್ಮ ನಿಜವಾಗಿಯೂ ಯೋಚನೆ ಮಾಡಿದರು. ಅದು ಅವರಿಗೆ ಅಷ್ಟು ಸುಲಭದ ಪ್ರಶ್ನೆಯಾಗಿರಲಿಲ್ಲ ಎಂದು ಕಾಣುತ್ತದೆ.

"ಇವರಾ? ನಾನು ತಪ್ಪು ಮಾಡಿದಾಗ ಇವರು ನಗೂದಿಲ್ರಿ. ನನ್ನ ಸೊಸಿ ನಗ್ತಾಳ."

ಮೌಲ್ಯಮಾಪಕರು ಕಪ್ಪು ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದು, ನಾಗವೇಣಿಯ ಪೂರ್ತಿ ಹೆಸರು ಏನೆಂದು ಕೇಳಿ ಬರೆದುಕೊಂಡರು. ಬರೆದಾದ ಮೇಲೆ, ಇನ್ನೊಂದು ಕಪ್ಪು ಚಹಾ ಸಿಗುತ್ತದೆಯೇ ಎಂದರು.